ಓದುಗರ ಪ್ರಶ್ನೋತ್ತರ: ಮೆಚ್ಚಿನ ಪ್ರೇಮ ಕಾದಂಬರಿಗಳು ಮುಗಿದ ಮೇಲೆ ಯಾರನ್ನು ಓದಬೇಕು?

ಈ ತಿಂಗಳು ಹುಬ್ಬಳ್ಳಿ, ಧಾರವಾಡ, ಗದಗ ಮತ್ತು ಹಾವೇರಿ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತಿವೆ. ಪ್ರೇಮಕಥೆ ಓದುವ ಹವ್ಯಾಸವಿದೆ, ಮೆಚ್ಚಿನ ಲೇಖಕರ ಪುಸ್ತಕಗಳೆಲ್ಲ ಮುಗಿದಿವೆ, ಮುಂದೆ ಯಾರು ಎಂಬುದೇ ಎಲ್ಲರ ಪ್ರಶ್ನೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಹೆಸರು ಪ್ರಕಟಿಸಬೇಡಿ ಎಂದು ಕೇಳಿಕೊಂಡವರೇ ಹೆಚ್ಚಾಗಿರುವುದರಿಂದ ಎಲ್ಲರ ಊರನ್ನಷ್ಟೇ ಕೊಟ್ಟಿದೆ.

ಪ್ರಶ್ನೆ: ನಾನು ನಿವೃತ್ತ ಶಾಲಾ ಶಿಕ್ಷಕಿ. ಮದುವೆಯಾಗಿ ಬೆಟಗೇರಿಗೆ ಬಂದ ಹೊಸತರಲ್ಲಿ ಬಾಡಿಗೆ ಗ್ರಂಥಾಲಯದಿಂದ ತ್ರಿವೇಣಿ, ವಾಣಿ, ಎಂ.ಕೆ. ಇಂದಿರಾ, ಉಷಾ ನವರತ್ನರಾಮ್ ಅವರ ಕಾದಂಬರಿಗಳನ್ನು ತರಿಸಿ, ಮನೆಗೆಲಸ ಮುಗಿದ ಮೇಲೆ ರಾತ್ರಿ ಕುಳಿತು ಓದುತ್ತಿದ್ದೆ. ಆ ಗ್ರಂಥಾಲಯ ಮುಚ್ಚಿ ಎಷ್ಟೋ ವರ್ಷಗಳಾದವು. ಈಗ ಬೇಕಾದಷ್ಟು ಸಮಯವಿದೆ, ಆದರೆ ಹೊಸಬರ ಪುಸ್ತಕ ಹಿಡಿದರೆ ಹತ್ತು ಪುಟಕ್ಕೇ ಬೇಸರ ಬರುತ್ತದೆ. ಹಳೆಯವನ್ನೇ ಮತ್ತೆ ಓದಲೇ? ಈ ವಯಸ್ಸಿನಲ್ಲಿ ಹೊಸ ಮೆಚ್ಚಿನ ಲೇಖಕರು ಸಿಗುತ್ತಾರೆಯೇ?
– ಓದುಗರು, ಗದಗ-ಬೆಟಗೇರಿ

ಉತ್ತರ: ಬೇಸರಕ್ಕೂ ವಯಸ್ಸಿಗೂ ಸಂಬಂಧವಿಲ್ಲ, ಹತ್ತು ಪುಟಕ್ಕೆ ಪುಸ್ತಕ ಮುಚ್ಚಿಡುವವರು ಇಪ್ಪತ್ತರ ಹರೆಯದವರಲ್ಲೂ ಬಹಳ ಮಂದಿ ಇದ್ದಾರೆ. ನೀವು ನಾಲ್ವರ ಹೆಸರನ್ನು ಒಂದೇ ಸಾಲಿನಲ್ಲಿ ಬರೆದಿದ್ದೀರಿ, ಆದರೆ ಆ ನಾಲ್ವರು ಹೇಳಿದ ಕಥೆಗಳು ಒಂದೇ ಬಗೆಯವಲ್ಲ. ಹೊಸಬರನ್ನು ಹುಡುಕುವ ಮೊದಲು, ಆ ನಾಲ್ವರಲ್ಲಿ ಯಾರ ಯಾವ ಪುಸ್ತಕ ನಿಮ್ಮ ನಿದ್ದೆ ಕೆಡಿಸಿತ್ತು ಎಂಬುದನ್ನು ನೆನಪಿಸಿಕೊಳ್ಳಿ.

ಪ್ರೇಮಕಥೆಯಲ್ಲಿ ಇಬ್ಬರಿರುತ್ತಾರೆ, ಅವರ ನಡುವೆ ಒಂದು ಅಡ್ಡಿ ಇರುತ್ತದೆ. ನಮಗೆ ಇಂಥ ಲೇಖಕಿ ಇಷ್ಟವೆಂದು ನಾವು ಅಂದುಕೊಂಡಿರುತ್ತೇವೆ, ಆದರೆ ಬಹಳ ಸಲ ನಮಗೆ ಹಿಡಿಸಿರುವುದು ಆಕೆ ಆರಿಸಿಕೊಳ್ಳುವ ಅಡ್ಡಿಯ ಬಗೆ. ವಾಣಿಯವರ ‘ಎರಡು ಕನಸು’ವಿನಲ್ಲಿ ಮದುವೆ ಆಗಿಯೇ ಹೋಗಿದೆ, ಗಂಡನ ಮನಸ್ಸಿನಲ್ಲಿ ಮೊದಲು ಪ್ರೀತಿಸಿದವಳು ಇನ್ನೂ ಕುಳಿತಿರುವುದರಿಂದ ಒಂದೇ ಮನೆಯಲ್ಲಿ ಗಂಡ ಹೆಂಡತಿ ಪರಕೀಯರಂತೆ ಇರುತ್ತಾರೆ. ಇಂದಿರಾ ಅವರ ‘ಗೆಜ್ಜೆಪೂಜೆ’ಯಲ್ಲಿ ಅಡ್ಡಿ ಮನಸ್ಸಿನಲ್ಲಿಲ್ಲ, ಹುಡುಗಿಯ ಹುಟ್ಟಿನಲ್ಲಿ ಮತ್ತು ಅದನ್ನು ಮರೆಯಗೊಡದ ಸಮಾಜದಲ್ಲಿದೆ. ಉಷಾ ನವರತ್ನರಾಮ್ ಅವರ ‘ಬಂಧನ’ದಲ್ಲಿ ಪ್ರೀತಿ ಒಂದೇ ಕಡೆಯದು. ಇನ್ನು ತ್ರಿವೇಣಿಯವರ ‘ಬೆಳ್ಳಿಮೋಡ’ದ ನಾಯಕಿ ಇಂದಿರಾ ಕಾಫಿ ತೋಟದ ಯಜಮಾನರ ಒಬ್ಬಳೇ ಮಗಳು. ಅವಳನ್ನು ಮದುವೆಯಾಗುವ ಮಾತಿನ ಮೇಲೆ, ಅವಳ ತಂದೆಯದೇ ಹಣದಲ್ಲಿ ವಿದೇಶಕ್ಕೆ ಓದಲು ಹೋದ ಮೋಹನ, ಅಷ್ಟರಲ್ಲಿ ಆ ಮನೆಯಲ್ಲಿ ಗಂಡುಮಗು ಹುಟ್ಟಿ ಆಸ್ತಿಗೆ ವಾರಸುದಾರ ಬಂದದ್ದರಿಂದ ಹಿಂದೆ ಸರಿಯುತ್ತಾನೆ. ಮುಂದೆ ಪೆಟ್ಟಾಗಿ ಹಾಸಿಗೆ ಹಿಡಿದು ಇಂದಿರಾಳ ಕೈಯ ಆರೈಕೆ ಪಡೆದಾಗ ಅವನ ಮನಸ್ಸು ತಿರುಗುತ್ತದೆ. ಎಲ್ಲ ಅಡ್ಡಿಗಳೂ ತೀರಿದ ಆ ಹೊತ್ತಿನಲ್ಲಿ ಇಂದಿರಾಳೇ ಬೇಡವೆನ್ನುತ್ತಾಳೆ. ಈ ನಾಲ್ಕರಲ್ಲಿ ನಿಮ್ಮದು ಯಾವುದೆಂದು ಗೊತ್ತಾದರೆ ಮುಂದಿನ ಲೇಖಕರ ದಾರಿ ಅರ್ಧ ಸವೆದಂತೆ.

ಬೇಡವೆನ್ನಬಲ್ಲ ನಾಯಕಿ ನಿಮಗೆ ಪ್ರಿಯಳಾದರೆ ಶಾರ್ಲೆಟ್ ಬ್ರಾಂಟೆಯ ‘ಜೇನ್ ಏರ್’ ಓದಿ. 1847ರ ಪುಸ್ತಕವಾದರೂ, ಪ್ರೀತಿಸಿದವನಿಗೆ ಹೆಂಡತಿಯಿದ್ದಾಳೆಂದು ತಿಳಿದ ಕೂಡಲೇ ಬರಿಗೈಯಲ್ಲಿ ಮನೆ ಬಿಟ್ಟು ನಡೆಯುವ ಆ ಹುಡುಗಿಯನ್ನು ತ್ರಿವೇಣಿಯವರ ಓದುಗರು ತಟ್ಟನೆ ಗುರುತು ಹಿಡಿಯುತ್ತಾರೆ. ಹತ್ತಿರವೇ ಇದ್ದೂ ಬಾಯಿಬಿಟ್ಟು ಹೇಳಲಾಗದ ಪ್ರೀತಿ ಹಿಡಿಸುವುದಾದರೆ ಬಂಗಾಳಿಯ ಶರಚ್ಚಂದ್ರರ ‘ಪರಿಣೀತಾ’ (1914) ಇದೆ. ಅದರಲ್ಲಿ ತಮಾಷೆಗೆಂದು ಕೊರಳಿಗೆ ಬಿದ್ದ ಒಂದು ಹೂಮಾಲೆಯನ್ನು ಲಲಿತಾ ಮದುವೆಯೆಂದೇ ನಂಬಿ ಕಾಯುತ್ತಾಳೆ; ಅವಳನ್ನೂ ಅವಳು ಪ್ರೀತಿಸುವ ಶೇಖರನನ್ನೂ ದೂರ ಮಾಡುವುದು ಸಾಲ ಮತ್ತು ಅವನ ಬಿಂಕ.

ಸಮಾಜವೇ ಅಡ್ಡಿಯಾಗಿ ನಿಲ್ಲುವ ಕಥೆ ನಿಮ್ಮನ್ನು ಹಿಡಿದಿಟ್ಟಿದ್ದರೆ, ನಿಮ್ಮ ಪಾಲಿಗೆ ಹೊಸಬರಾಗಬಹುದಾದ ವಸುಧೇಂದ್ರರ ಹೆಸರನ್ನು ಧೈರ್ಯವಾಗಿ ಸೂಚಿಸುತ್ತೇನೆ. ಅವರ ‘ತೇಜೋ-ತುಂಗಭದ್ರಾ’ (2019) ದಪ್ಪ ಪುಸ್ತಕ, ಇತಿಹಾಸದ ಕಾದಂಬರಿಯೆಂದೇ ಹೆಚ್ಚು ಹೆಸರಾದದ್ದು. ಅದರ ಒಳಗಿನ ಎರಡು ಪ್ರೇಮಕಥೆಗಳನ್ನು ತೆಗೆದರೆ ಉಳಿಯುವುದು ಬರಿಯ ಹಡಗು ಮತ್ತು ಯುದ್ಧ. ಲಿಸ್ಬನ್ನಿನಲ್ಲಿ ತೇಜೋ ನದಿಯ ದಡದ ಕ್ರೈಸ್ತ ಹುಡುಗ ಗೇಬ್ರಿಯಲ್ ಮತ್ತು ಯಹೂದಿ ಹುಡುಗಿ ಬೆಲ್ಲಾ ಒಂದು ಕಡೆ. ವಿಜಯನಗರದ ಕಾಲದ ತೆಂಬಕಪುರದಲ್ಲಿ ಹಂಪಮ್ಮ ಮತ್ತು ಕೇಶವ ಇನ್ನೊಂದು ಕಡೆ. ಧರ್ಮ, ದುಡ್ಡು, ರಾಜಾಜ್ಞೆ ಎಲ್ಲವೂ ಬಂದು ಬೀಳುವುದು ಈ ನಾಲ್ವರ ತಲೆಯ ಮೇಲೆಯೇ. ಗದಗ ಜಿಲ್ಲೆಯ ಅಂಚಿನಲ್ಲಿಯೇ ತುಂಗಭದ್ರೆ ಹರಿಯುತ್ತಿರುವುದರಿಂದ ನಿಮಗೆ ಅದರ ಅರ್ಧ ಕಥೆಯಾದರೂ ನೆರೆಯೂರಿನದೆನಿಸಬಹುದು. ಕೊನೆ ಸುಖಕರವಾಗಿಯೇ ಇರಬೇಕೆಂಬ ಹಟವಿದ್ದರೆ ಮಾತ್ರ ಇದನ್ನು ಮುಂದಕ್ಕೆ ಹಾಕಿ.

ಹತ್ತು ಪುಟದ ಬೇಸರಕ್ಕೆ ಇನ್ನೊಂದು ಉಪಾಯವಿದೆ. ಅಂಗಡಿಯಲ್ಲಾಗಲಿ ಗ್ರಂಥಾಲಯದಲ್ಲಾಗಲಿ ಮೊದಲ ಪುಟದಿಂದ ಆರಂಭಿಸಬೇಡಿ. ನಾಯಕ ನಾಯಕಿಯರ ಮೊದಲ ಜಗಳ ಎಲ್ಲಿದೆಯೆಂದು ಹುಡುಕಿ ಆ ಎರಡು ಪುಟ ಓದಿ. ಇಬ್ಬರ ಮಾತಿನಲ್ಲೂ ನ್ಯಾಯವಿದೆ ಎನ್ನಿಸಿದರೆ ಪುಸ್ತಕವನ್ನು ಮನೆಗೆ ತನ್ನಿ. ಒಬ್ಬರು ದೇವತೆ, ಇನ್ನೊಬ್ಬರು ದಡ್ಡರು ಎಂದು ಕಂಡರೆ, ಆ ಲೇಖಕರು ತೀರ್ಪನ್ನು ಮೊದಲೇ ಬರೆದಿಟ್ಟು ಕಥೆಯನ್ನು ಆಮೇಲೆ ಹೊಂದಿಸಿದ್ದಾರೆ. ಉಳಿದ ಇನ್ನೂರು ಪುಟಗಳಲ್ಲಿ ನಿಮಗೆ ಮಾಡಲು ಕೆಲಸವಿರುವುದಿಲ್ಲ. ಬೆನ್ನುಡಿಯನ್ನು ನಂಬುವುದಕ್ಕಿಂತ ಇದು ಮೇಲು. ಬೆನ್ನುಡಿ ಬರೆದವರಲ್ಲಿ ಎಷ್ಟೋ ಮಂದಿ ಪುಸ್ತಕವನ್ನು ಕೊನೆಯವರೆಗೆ ಓದಿರುವುದಿಲ್ಲ.

ಹಳೆಯವನ್ನು ಮತ್ತೆ ಓದಬಾರದೆಂದೇನೂ ಇಲ್ಲ, ಓದಿ. ಹಳೆಯದೊಂದು, ಹೊಸದೊಂದು ಎಂಬಂತೆ ಇಟ್ಟುಕೊಂಡರೆ ಹೊಸಬರ ಮೇಲೆ ಸಿಟ್ಟೂ ಕಡಿಮೆಯಾಗುತ್ತದೆ.

ಪ್ರಶ್ನೆ: ನಾನು ಬ್ಯಾಡಗಿ ಮಾರುಕಟ್ಟೆಯ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಪ್ರೇಮ ಕಾದಂಬರಿ ಓದುವುದು ನನಗೆ ಇಷ್ಟ. ಗೆಳೆಯರು ಅವು ಹೆಂಗಸರ ಪುಸ್ತಕಗಳೆಂದು ನಗುತ್ತಾರೆ. ಅದಿರಲಿ, ನಾನು ಓದಿದ ಕಾದಂಬರಿಗಳಲ್ಲೆಲ್ಲ ಜನ ಮೈಸೂರು, ಬೆಂಗಳೂರು, ಮಲೆನಾಡಿನವರು. ನಮ್ಮ ಕಡೆಯ ಮಾತಾಡುವವರು, ನಮ್ಮ ಕಡೆಯ ಊರಿನಲ್ಲಿ ಪ್ರೀತಿಸುವ ಕಥೆಗಳನ್ನು ಬರೆದವರು ಯಾರೂ ಇಲ್ಲವೇ?
– ಓದುಗರು, ಬ್ಯಾಡಗಿ, ಹಾವೇರಿ ಜಿಲ್ಲೆ

ಉತ್ತರ: ನಗುವ ಗೆಳೆಯರಿಗೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕೊಡಿ. ನಾಯಿಗುತ್ತಿ ತನ್ನ ನಾಯಿ ಹುಲಿಯನನ್ನು ಕರೆದುಕೊಂಡು ತಿಮ್ಮಿಗಾಗಿ ಹೊರಡುವಲ್ಲಿಂದ ಆರಂಭವಾಗುವ ಆ ಮಹಾಕಾದಂಬರಿಯ ಬೆನ್ನೆಲುಬೇ ಪ್ರೇಮಿಗಳ ಓಡಾಟ: ಗುತ್ತಿ ಮತ್ತು ತಿಮ್ಮಿ, ಮುಕುಂದಯ್ಯ ಮತ್ತು ಚಿನ್ನಮ್ಮ, ಐತ ಮತ್ತು ಪೀಂಚಲು. ಅದನ್ನು ಹೆಂಗಸರ ಪುಸ್ತಕವೆಂದು ಯಾರೂ ಕರೆದದ್ದಿಲ್ಲ.

ನಿಮ್ಮ ಎರಡನೆಯ ಪ್ರಶ್ನೆ ಗಟ್ಟಿಯಾದದ್ದು. ಈ ಭಾಗದಲ್ಲಿ ಕಾದಂಬರಿ ಓದುವ ಜನರನ್ನು ಹುಟ್ಟಿಸಿದವರೇ ನಿಮ್ಮ ಜಿಲ್ಲೆಯವರು. ಗಳಗನಾಥ ಎಂಬ ಊರಿನ ಹೆಸರನ್ನೇ ಕಾವ್ಯನಾಮ ಮಾಡಿಕೊಂಡ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಮರಾಠಿಯಿಂದ ತಂದ ಮತ್ತು ತಾವೇ ಬರೆದ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. ಆದರೆ ಅವರ ಕಾದಂಬರಿಗಳಲ್ಲಿ ಸಾಮ್ರಾಜ್ಯ, ಶೌರ್ಯ, ಧರ್ಮಗಳು ನಡುಮನೆಯಲ್ಲಿ ಕುಳಿತಿದ್ದವು. ಪ್ರೀತಿಗೆ ಸಿಕ್ಕಿದ್ದು ಪಡಸಾಲೆಯ ಮೂಲೆ. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದ ಮೇಲೆ ಇಲ್ಲಿಯ ಕಾದಂಬರಿಯ ದಿಕ್ಕೇ ಬದಲಾಯಿತು, ಆದರೂ ಅದು ಹೊರಳಿದ್ದು ವಿಚಾರದ ಕಡೆಗೆ. ಆ ಮಾಲೆಯಲ್ಲಿ 1961ರಲ್ಲಿ ಬಂದ ಶಾಂತಿನಾಥ ದೇಸಾಯಿಯವರ ‘ಮುಕ್ತಿ’ಯಲ್ಲಿ ಪ್ರೀತಿಯಿದೆ, ಗೌರೀಶನೆಂಬ ತರುಣ ಪ್ರೀತಿಸಿ, ಸೋತು, ತನ್ನನ್ನು ತಾನೇ ಬಿಡಿಸಿಕೊಳ್ಳಲು ಒದ್ದಾಡುತ್ತಾನೆ. ನಿಮ್ಮ ವಯಸ್ಸು ಇಪ್ಪತ್ತೈದರ ಆಸುಪಾಸಾದರೆ ಇದನ್ನು ಮೊದಲು ಓದಿ. ನಾಯಕನ ಮೇಲೆ ನಿಮಗೆ ಸಿಟ್ಟು ಬರುತ್ತದೆ, ಬರಲೂಬೇಕು.

ವಾರಪತ್ರಿಕೆಯ ಧಾರಾವಾಹಿಯಾಗಿ ಬಂದು, ಪುಸ್ತಕವಾಗಿ, ಆಮೇಲೆ ಸಿನಿಮಾ ಆಗುವ ಬಗೆಯ ಜನಪ್ರಿಯ ಪ್ರೇಮ ಕಾದಂಬರಿ ಬೆಳೆದದ್ದು ಹೆಚ್ಚಾಗಿ ಮೈಸೂರು-ಬೆಂಗಳೂರುಗಳ ಕಡೆ. ಪತ್ರಿಕೆ, ಪ್ರಕಾಶನ, ಸಿನಿಮಾ ಮೂರೂ ಅಲ್ಲಿ ಒಂದಕ್ಕೊಂದು ಹತ್ತಿರ ಇದ್ದವು. ಅಲ್ಲಿಯ ಕೆಲವು ಪುಸ್ತಕಗಳು ನಿಮ್ಮ ಯಾರ್ಡಿನ ಮೆಣಸಿನಕಾಯಿಯ ಹಾಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಪತ್ರ ಬರೆಯಬಹುದು. ನಮ್ಮ ಕಡೆಯವರು ಪ್ರೀತಿಯನ್ನು ಬರೆಯದೇ ಬಿಟ್ಟವರಲ್ಲ. ಅವರು ಅದನ್ನು ಕಾದಂಬರಿಗಿಂತ ಹೆಚ್ಚಾಗಿ ಹಾಡಿಗೆ, ಆಟಕ್ಕೆ, ಕವಿತೆಗೆ ಒಪ್ಪಿಸಿದರು. ನೀವು ಹುಡುಕಬೇಕಾದ ಕಪಾಟು ಬೇರೆ, ಅಷ್ಟೆ.

ಮೊದಲು ಬೇಂದ್ರೆಯವರ ‘ಸಖೀಗೀತ’ (1937) ತೆಗೆದುಕೊಳ್ಳಿ. ಅದು ಕವಿತೆ ನಿಜ, ಆದರೆ ಕಥೆಯ ಹಾಗೆಯೇ ಓದಿಸಿಕೊಳ್ಳುತ್ತದೆ. ಮದುವೆಯಾಗಿ, ಬಡತನ ಕಂಡು, ಮಕ್ಕಳನ್ನು ಕಳೆದುಕೊಂಡ ಗಂಡನೊಬ್ಬ ತನ್ನ ಹೆಂಡತಿಯನ್ನು ಸಖಿಯೆಂದು ಕರೆದು ತಮ್ಮಿಬ್ಬರ ಬಾಳನ್ನು ಮೊದಲಿನಿಂದ ಹೇಳಿಕೊಳ್ಳುತ್ತಾನೆ. ಪ್ರೇಮಕಥೆಗಳು ಸಾಮಾನ್ಯವಾಗಿ ಎಲ್ಲಿ ನಿಲ್ಲುತ್ತವೆಯೋ ಅಲ್ಲಿಂದ ಇದು ಹೊರಡುತ್ತದೆ. ಒಬ್ಬರೇ ಕುಳಿತು ಗಟ್ಟಿಯಾಗಿ ಓದಿ; ಮೌನವಾಗಿ ಓದಿದರೆ ಅರ್ಧ ಕಳೆದುಹೋಗುತ್ತದೆ. ಎರಡನೆಯದು ‘ಸಂಗ್ಯಾ ಬಾಳ್ಯಾ’ ಸಣ್ಣಾಟ, ಅಂದರೆ ನಮ್ಮ ಕಡೆಯ ಜನಪದ ನಾಟಕ. ಬೈಲಹೊಂಗಲದ ಕಡೆ ಹುಟ್ಟಿದ ಆ ಆಟದಲ್ಲಿ ಸಂಗ್ಯಾನ ಕಣ್ಣು ಗಂಗಿಯ ಮೇಲೆ ಬೀಳುವುದರಿಂದ ಹಿಡಿದು ಕೊಲೆಯವರೆಗೆ ನಡೆಯುವ ಪ್ರತಿ ಮಾತೂ ನಮ್ಮ ಕಡೆಯದೇ. ಹಿತವಾದ ಕಥೆಯಲ್ಲ, ಆದರೆ ಮೋಹ ಹೇಗೆ ಮನುಷ್ಯನ ಮೈಮೇಲೆ ಬರುತ್ತದೆ ಎಂಬುದನ್ನು ಅದರಷ್ಟು ನೇರವಾಗಿ ಹೇಳಿದ ಕಾದಂಬರಿಗಳು ಕಡಿಮೆ. ನೋಡುವ ಅವಕಾಶವಿದ್ದರೆ ಓದುವ ಮೊದಲು ನೋಡಿ. ಮೂರನೆಯದಾಗಿ ಗಿರೀಶ ಕಾರ್ನಾಡರ ‘ಹಯವದನ’ ನಾಟಕ. ಅದರ ಮಾತು ಶಿಷ್ಟ ಕನ್ನಡವಾದರೂ, ಗಂಡನ ಬುದ್ಧಿಯೂ ಅವನ ಗೆಳೆಯನ ಮೈಕಟ್ಟೂ ಒಟ್ಟಿಗೇ ಬೇಕೆನ್ನುವ ಪದ್ಮಿನಿಯಂಥ ನಾಯಕಿ ನಿಮಗೆ ಬೇರೆಲ್ಲೂ ಸಿಗಲಾರಳು.

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಹಾಸ್ಟೆಲ್ಲಿನಲ್ಲಿ ಕೈಯಿಂದ ಕೈಗೆ ಬರುವ ಮಿಲ್ಸ್ ಅಂಡ್ ಬೂನ್ ಪುಸ್ತಕಗಳನ್ನು ಓದಿ ಓದಿ ಎಲ್ಲವೂ ಒಂದೇ ಅನ್ನಿಸತೊಡಗಿದೆ. ಇಂಗ್ಲಿಷಿನಲ್ಲಿ ಇದಕ್ಕಿಂತ ಮೇಲಿನ ಪ್ರೇಮಕಥೆಗಾರರು ಯಾರು? ಕೊನೆಯಲ್ಲಿ ಇಬ್ಬರೂ ಸೇರಲೇಬೇಕು, ಅಳಿಸುವ ಪುಸ್ತಕ ಬೇಡ.
– ವಿದ್ಯಾರ್ಥಿನಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಕೊನೆಯಲ್ಲಿ ಸೇರಲೇಬೇಕೆಂಬ ನಿಮ್ಮ ಷರತ್ತಿಗೆ ಸಂಕೋಚ ಬೇಡ. ಇಂಗ್ಲಿಷಿನಲ್ಲಿ ರೊಮಾನ್ಸ್ ಎಂದು ಮಾರಾಟವಾಗುವ ಪುಸ್ತಕಕ್ಕೆ ಅದೇ ಮೊದಲ ನಿಯಮ. ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಗಾರ ಸಿಕ್ಕಿಬೀಳುತ್ತಾನೆಂದು ಗೊತ್ತಿದ್ದೂ ನಾವು ಓದುವುದಿಲ್ಲವೇ? ಸೇರುತ್ತಾರೆಂಬುದು ಗೊತ್ತಿರುವಾಗ ಹೇಗೆ ಸೇರುತ್ತಾರೆಂಬುದರಲ್ಲೇ ಬರೆಯುವವರ ಕಸುಬು ಕಾಣುವುದು.

ಮಿಲ್ಸ್ ಅಂಡ್ ಬೂನ್ ಒಬ್ಬ ಲೇಖಕರ ಹೆಸರಲ್ಲ. 1908ರಲ್ಲಿ ಲಂಡನ್ನಿನಲ್ಲಿ ಜೆರಾಲ್ಡ್ ಮಿಲ್ಸ್ ಮತ್ತು ಚಾರ್ಲ್ಸ್ ಬೂನ್ ಆರಂಭಿಸಿದ ಪ್ರಕಾಶನ ಅದು. 1971ರಲ್ಲಿ ಕೆನಡಾದ ಹಾರ್ಲೆಕ್ವಿನ್ ಅದನ್ನು ಕೊಂಡಿತು. ಪ್ರಕಾಶಕರ ಹೆಸರು ದೊಡ್ಡದಾಗಿರುವುದರಿಂದ ಓದುವವರು ಬರೆದವರ ಹೆಸರನ್ನು ನೋಡುವುದೇ ಇಲ್ಲ. ನೀವು ಓದಿದವುಗಳಲ್ಲಿ ಚೆನ್ನಾಗಿತ್ತೆನಿಸಿದ ಎರಡು ಮೂರನ್ನು ಮತ್ತೆ ತೆಗೆದು ಲೇಖಕಿಯ ಹೆಸರು ನೋಡಿ. ಎರಡಕ್ಕೂ ಒಬ್ಬರೇ ಆಗಿದ್ದರೆ ನಿಮ್ಮ ಹುಡುಕಾಟ ಹಾಸ್ಟೆಲ್ಲಿನಲ್ಲೇ ಮುಗಿಯಿತು.

ಇಲ್ಲವಾದರೆ ಜಾರ್ಜೆಟ್ ಹೇಯರ್ (1902–1974) ಅವರಿಂದ ಆರಂಭಿಸಿ. ಕಾಯಿಲೆಯಿಂದ ಮಲಗಿದ್ದ ತಮ್ಮನಿಗೆ ಹೊತ್ತು ಹೋಗಲೆಂದು ಹೇಳಿದ ಕಥೆಯೇ ಅವರ ಮೊದಲ ಕಾದಂಬರಿಯಾಗಿ 1921ರಲ್ಲಿ ಪ್ರಕಟವಾಯಿತು. ಹತ್ತೊಂಬತ್ತನೆಯ ಶತಮಾನದ ಆರಂಭದ ಇಂಗ್ಲೆಂಡಿನ ಗಾಡಿ, ಕುದುರೆ, ಕೊರಳಿಗೆ ಸುತ್ತುವ ಕ್ರವಟ್ಟು, ಕುಣಿತಗಳನ್ನು ಪ್ರೇಮಕಥೆಯ ಕಾಯಂ ಅಂಗಳವಾಗಿ ಮಾಡಿಕೊಟ್ಟವರು ಅವರೇ. ಈಗ ವೆಬ್ ಸರಣಿಯಾಗಿ ಮನೆಮಾತಾದ ಜೂಲಿಯಾ ಕ್ವಿನ್ನರ ಬ್ರಿಜರ್ಟನ್ ಕಥೆಗಳು ನಡೆಯುವುದೂ ಅದೇ ಅಂಗಳದಲ್ಲಿ. ಹೇಯರ್ ಅವರಲ್ಲಿ ಮುತ್ತಿಗಿಂತ ಮಾತಿನ ಚಕಮಕಿ ಹೆಚ್ಚು. ಅದು ಕೊರತೆಯೋ ಹೆಚ್ಚಳವೋ ಎಂಬುದನ್ನು ನೀವೇ ತೀರ್ಮಾನಿಸಿಕೊಳ್ಳಿ.

ಅವರಿಂದ ಹಿಂದಕ್ಕೆ ಹೋದರೆ ಜೇನ್ ಆಸ್ಟಿನ್ ಸಿಗುತ್ತಾರೆ. ಎಲ್ಲರೂ ‘ಪ್ರೈಡ್ ಅಂಡ್ ಪ್ರೆಜುಡಿಸ್’ (1813) ಎನ್ನುತ್ತಾರೆ. ನಾನು ಅವರ ನಿಧನದ ನಂತರ 1817ರ ಕೊನೆಗೆ ಬಂದ ‘ಪರ್ಸುಯೇಷನ್’ ಅನ್ನು ಸೂಚಿಸುತ್ತೇನೆ. ಹಿತೈಷಿಗಳ ಮಾತು ಕೇಳಿ ಹರೆಯದಲ್ಲಿ ಪ್ರೀತಿಸಿದವನನ್ನು ಬಿಟ್ಟುಕೊಟ್ಟ ಆನ್ ಎಲಿಯಟ್‌ಗೆ ಈಗ ಇಪ್ಪತ್ತೇಳು. ಎಂಟು ವರ್ಷಗಳ ಮೇಲೆ ಅವನು ನೌಕಾಪಡೆಯ ಕ್ಯಾಪ್ಟನ್ ಆಗಿ, ಹಣವಂತನಾಗಿ, ಅವಳ ಮೇಲಿನ ಮುನಿಸನ್ನು ಉಳಿಸಿಕೊಂಡೇ ಊರಿಗೆ ಬರುತ್ತಾನೆ. ಕೊನೆಯ ಭಾಗದಲ್ಲಿ ಒಂದು ಕೋಣೆ ಬರುತ್ತದೆ. ಆನ್ ಬೇರೊಬ್ಬರ ಜತೆ ನಿಂತು, ಗಂಡಸರು ಹೆಚ್ಚು ಕಾಲ ಪ್ರೀತಿಸುತ್ತಾರೋ ಹೆಂಗಸರೋ ಎಂದು ಮೆಲುದನಿಯಲ್ಲಿ ವಾದಿಸುತ್ತಿರುತ್ತಾಳೆ. ಅದೇ ಕೋಣೆಯ ಮೇಜಿನ ಬಳಿ ಬೆನ್ನು ಬಗ್ಗಿಸಿ ಏನನ್ನೋ ಬರೆಯುತ್ತಿರುವವನು ಆ ಮಾತುಗಳನ್ನು ಕೇಳಿಸಿಕೊಳ್ಳುತ್ತಲೇ ಅವಳಿಗೆ ಕಾಗದ ಬರೆಯುತ್ತಿರುತ್ತಾನೆ. ಇಡೀ ಪುಸ್ತಕದಲ್ಲಿ ಇಬ್ಬರೂ ಆಡದೆ ನುಂಗಿಕೊಂಡ ಮಾತುಗಳೆಲ್ಲ ಆ ಒಂದು ಕಾಗದದಲ್ಲಿ ಹೊರಬರುತ್ತವೆ. ಮೊದಲ ಐವತ್ತು ಪುಟ ನಿಧಾನ. ಪರೀಕ್ಷೆ ಮುಗಿದ ಮೇಲೆ ಹಿಡಿಯಿರಿ.

ಪ್ರಶ್ನೆ: ಪಿಯುಸಿ ಓದುವ ಮಗಳು ಮೊಬೈಲಿನಲ್ಲಿ ಪ್ರತಿಲಿಪಿಯ ಪ್ರೇಮಕಥೆಗಳನ್ನು ಕಂತು ಕಂತಾಗಿ ಓದುತ್ತಾಳೆ. ಬಿಡಿಸಬೇಕೇ, ಅಥವಾ ಒಳ್ಳೆಯ ಲೇಖಕರನ್ನು ಪರಿಚಯಿಸಬೇಕೇ?
– ತಾಯಿಯೊಬ್ಬರು, ಸಪ್ತಾಪುರ, ಧಾರವಾಡ

ಉತ್ತರ: ಬಿಡಿಸಬೇಡಿ, ಕನ್ನಡ ಓದುತ್ತಿದ್ದಾಳಲ್ಲ. 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಆ ವೇದಿಕೆಯಲ್ಲಿ ಬರೆಯುವವರು ನಮ್ಮ ನಿಮ್ಮಂಥ ಮನೆಗಳವರೇ, ಅವರಲ್ಲಿ ಚೆನ್ನಾಗಿ ಬರೆಯುವವರೂ ಇದ್ದಾರೆ. ತೊಂದರೆಯಿರುವುದು ಕಂತಿನಲ್ಲಿ. ಪ್ರತಿ ಕಂತನ್ನೂ ಕುತೂಹಲದ ತುದಿಗೆ ತಂದು ನಿಲ್ಲಿಸಲೇಬೇಕಾದ್ದರಿಂದ ಕಥೆ ಎಳೆಯುತ್ತ ಹೋಗುತ್ತದೆ, ಎಷ್ಟೋ ಕಥೆಗಳು ಮುಗಿಯುವುದೇ ಇಲ್ಲ. ಮುಗಿದ ಕಥೆಗಳನ್ನೇ ಆರಿಸಿಕೊಳ್ಳಲು ಹೇಳಿ. ಅವಳಿಗೆ ಹಿಡಿಸಿದ ಒಂದನ್ನು ಕೇಳಿ ಪಡೆದು ನೀವೂ ಓದಿ. ಹೆಣ್ಣಿನ ಮೇಲೆ ಕೈಮಾಡುವ, ಬಲವಂತ ಮಾಡುವ ನಾಯಕನನ್ನು ಕೊನೆಗೆ ಪ್ರೇಮಿಯೆಂದು ಒಪ್ಪಿಸುವ ಕಥೆಯಾದರೆ ಅದನ್ನು ಮಾತ್ರ ಎದುರು ಕೂರಿಸಿಕೊಂಡು ಚರ್ಚಿಸಿ. ಹಳೆಯ ಜನಪ್ರಿಯ ಕಾದಂಬರಿಗಳೂ ಈ ದೋಷದಿಂದ ಮುಕ್ತವಲ್ಲ. ಆಮೇಲೆ ‘ಬೆಳ್ಳಿಮೋಡ’ವನ್ನು ಅವಳ ಕೈಗೆ ಸಿಗುವಂತೆ ಎಲ್ಲಾದರೂ ಇಡಿ. ಓದೆಂದು ಹೇಳಬೇಡಿ.

ಪ್ರಶ್ನೆ: ತ್ರಿವೇಣಿಯವರ ಕಾದಂಬರಿಗಳು ಈಗ ಬೇರೆ ಬೇರೆ ಪ್ರಕಾಶಕರ ಹೆಸರಿನಲ್ಲಿ ಬರುತ್ತಿವೆಯೆಂದು ಕೇಳಿದ್ದೇನೆ. ಇದು ಸರಿಯೇ? ಯಾವುದನ್ನು ಕೊಳ್ಳಬೇಕು? ಮುದ್ರಣದಲ್ಲಿಲ್ಲದ ಇತರರ ಪುಸ್ತಕಗಳಿಗೆ ಏನು ಮಾಡಬೇಕು?
– ಓದುಗರು, ರಾಣೆಬೆನ್ನೂರು

ಉತ್ತರ: ನಮ್ಮ ದೇಶದ ಕಾನೂನಿನಂತೆ ಲೇಖಕರು ತೀರಿಕೊಂಡ ವರ್ಷದ ಮುಂದಿನ ವರ್ಷದಿಂದ ಎಣಿಸಿ 60 ವರ್ಷಗಳವರೆಗೆ ಕೃತಿಯ ಹಕ್ಕುಸ್ವಾಮ್ಯ ಉಳಿಯುತ್ತದೆ. ತ್ರಿವೇಣಿಯವರು 1963ರಲ್ಲಿ ತೀರಿಕೊಂಡರು. ಹಾಗಾಗಿ ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳ ಹಕ್ಕು 2023ರ ಕೊನೆಗೆ ಮುಗಿದಿದ್ದು, ಈಗ ಅವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ವಾಣಿ, ಇಂದಿರಾ ಮೊದಲಾದವರ ಪುಸ್ತಕಗಳಿಗೆ ಈ ಮಾತು ಅನ್ವಯಿಸುವುದಿಲ್ಲ.

ಕೊಳ್ಳುವಾಗ ಮುಖಪುಟಕ್ಕಿಂತ ಒಳಪುಟ ನೋಡಿ. ಯಾವ ಮುದ್ರಣ, ಮೂಲ ಪಠ್ಯ ಪೂರ್ತಿಯಿದೆಯೇ ಅಥವಾ ಕಿರಿದುಗೊಳಿಸಿದ ಸಂಗ್ರಹವೇ ಎಂಬುದು ಅಲ್ಲಿರಬೇಕು. 1956ರಲ್ಲಿ ಹುಬ್ಬಳ್ಳಿಯಿಂದ ಹೊರಡತೊಡಗಿದ ‘ಕಸ್ತೂರಿ’ ಮಾಸಪತ್ರಿಕೆಯ ಪುಸ್ತಕ ವಿಭಾಗದಲ್ಲಿ ದೊಡ್ಡ ಪುಸ್ತಕಗಳನ್ನು ಹೀಗೆ ಕಿರಿದುಗೊಳಿಸಿ ಕೊಡುತ್ತಿದ್ದರು. ಸಂಗ್ರಹವೆಂದು ಹೇಳಿಯೇ ಕೊಡುತ್ತಿದ್ದರು. ಹಳೆಯ ಸಂಚಿಕೆಗಳು ಸಿಕ್ಕರೆ ಹೊಸ ಲೇಖಕರ ರುಚಿ ನೋಡಲು ಇಂದಿಗೂ ಉಪಯುಕ್ತ. ಹೇಳದೆ ಕತ್ತರಿಸಿದ ಮುದ್ರಣ ಬೇರೆ ಮಾತು.

ಮುದ್ರಣದಲ್ಲಿಲ್ಲದವುಗಳಿಗೆ ಹಾವೇರಿಯ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ವಿಚಾರಿಸಿ. ಕೇಳುವಾಗ ಕಾವ್ಯನಾಮ ಮತ್ತು ನಿಜನಾಮ ಎರಡನ್ನೂ ಹೇಳಿ: ತ್ರಿವೇಣಿಯವರು ಅನಸೂಯಾ ಶಂಕರ್, ವಾಣಿಯವರು ಬಿ.ಎನ್. ಸುಬ್ಬಮ್ಮ. ಎರಡು ಹೆಸರಿನಲ್ಲಿ ಎರಡು ಕಡೆ ಜೋಡಿಸಿಟ್ಟ ಕಪಾಟುಗಳಿರುತ್ತವೆ. ಹಳೆ ಪುಸ್ತಕದಂಗಡಿಯಲ್ಲಿ ಕೊಳ್ಳುವುದಾದರೆ ದುಡ್ಡು ಕೊಡುವ ಮುನ್ನ ಕೊನೆಯ ಹಾಳೆಗಳು ಇವೆಯೇ ಎಂದು ಎಣಿಸಿ ನೋಡಿ. ಬಾಡಿಗೆ ಗ್ರಂಥಾಲಯದಿಂದ ಬಂದ ಪ್ರತಿಗಳಲ್ಲಿ ಹೆಚ್ಚಾಗಿ ಹರಿದಿರುವುದು ಅವೇ.